ಅವ್ವನ ಮಾತು, ಮಗನ ಇಂಗ್ಲಿಷು

ಬಸವಕುಮಾರನಿಗೆ ಸುಳ್ಳು ಹೇಳುವ ಚಟ ಇರಲಿಲ್ಲ. ಚಟ ಇದ್ದವರು ಹೇಳಿದ್ದನ್ನು ನೆನಪಿಟ್ಟುಕೊಂಡು, ಹೊತ್ತು ನೋಡಿ ನುಣುಚಿಕೊಳ್ಳುವ ದಾರಿಯನ್ನೂ ಹುಡುಕಿಟ್ಟುಕೊಂಡಿರುತ್ತಾರೆ. ಇವನಿಗೆ ಆ ಜಾಣತನ ಸಾಲದು. ನಲವತ್ತಾರು ವರ್ಷದ ಬದುಕಿನಲ್ಲಿ ಇವನು ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದೂ ಪೂರಾ ಒಂದು ಮಾತಲ್ಲ, ಬರೀ ಒಂದು ಹ್ಞೂಂ.

ಮಗಳು ನಿಧಿ ಆಗ ಎರಡನೇ ಗ್ರೇಡಿನಲ್ಲಿದ್ದಳು. ಅಮೆರಿಕದ ಫೋರ್ಟ್ ಮಿಲ್‌ನ ಅವಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ಬಗ್ಗೆ ಮಾತಾಡುವ ದಿನವೊಂದಿತ್ತು. ಒಬ್ಬಳ ಅಜ್ಜ ಪೈಲಟ್, ಇನ್ನೊಬ್ಬನ ಅಜ್ಜಿ ಹಲ್ಲಿನ ಡಾಕ್ಟರು. ಬೆಳಗಿನ ತಿಂಡಿಯ ಹೊತ್ತಿಗೆ ನಿಧಿ ಚಮಚ ಕೆಳಗಿಟ್ಟು, ನಮ್ಮ ಅಜ್ಜಿ ಏನಾಗಿದ್ದಳು ಎಂದು ಕೇಳಿದಳು. ವಾಡೆಯಲ್ಲಿದ್ದಳು ಎಂದ ಬಸವಕುಮಾರ. ವಾಡೆ ಎಂದರೇನು ಎಂದಳು. ಅರಮನೆಯ ಹಾಗೆ, ದೊಡ್ಡ ಮನೆ ಎಂದ. ಹಾಗಾದರೆ ಅಜ್ಜಿ ಕ್ವೀನಾ ಎಂದು ಮಗು ಕಣ್ಣರಳಿಸಿತು. ಆಗ ಇವನ ಬಾಯಿಂದ ಬಂದದ್ದು ಆ ಹ್ಞೂಂ.

ಅವನ ಅವ್ವ ಚನ್ನಮ್ಮ ವಾಡೆಯಲ್ಲಿದ್ದದ್ದು ನಿಜ. ಬೆಳಗಾವಿ ಕಡೆಯ ಸಂಕನಾಳದಲ್ಲಿ ದೇಸಾಯರ ವಾಡೆ, ಮೂರು ಅಂಗಳದ್ದು. ಅಲ್ಲಿ ಅವಳು ಇಪ್ಪತ್ತೆರಡು ವರ್ಷ ಹಿತ್ತಲ ಬಾಗಿಲಿಂದ ಒಳಗೆ ಹೋಗಿ ಹಿತ್ತಲ ಬಾಗಿಲಿಂದಲೇ ಹೊರಗೆ ಬಂದಳು. ನಸುಕಿನಲ್ಲಿ ಹಂಡೆಗೆ ಉರಿ ಹಾಕಿದಳು, ನಲವತ್ತು ಜನಕ್ಕೆ ರೊಟ್ಟಿ ಬಡಿದಳು, ಬೂದಿ ಹಚ್ಚಿ ಹಿತ್ತಾಳೆ ಪಾತ್ರೆ ತಿಕ್ಕಿದಳು. ಗಂಡ ಕರಬಸಪ್ಪ ತೀರಿಕೊಂಡ ಮೇಲೆ ಅದರಲ್ಲೇ ಮಗನನ್ನು ಓದಿಸಿದಳು. ಹತ್ತನೇ ಇಯತ್ತೆಯ ತನಕ ಬಸವಕುಮಾರ ತಿಂದದ್ದು ವಾಡೆಯ ಪಂಕ್ತಿಯಲ್ಲಿ ಉಳಿದದ್ದನ್ನು. ಒಮ್ಮೆ ದೇಸಾಯರ ಮೊಮ್ಮಗನ ಹುಟ್ಟುಹಬ್ಬದಲ್ಲಿ ಇವನು ತಿಳಿಯದೆ ಮುಂದಿನ ಪಡಸಾಲೆಯಲ್ಲಿ ಕೂತುಬಿಟ್ಟಿದ್ದ. ಯಾರೋ ರಟ್ಟೆ ಹಿಡಿದು ಎಬ್ಬಿಸಿ ಹಿತ್ತಲಿಗೆ ಕಳಿಸಿದ್ದರು, ಎಲ್ಲ ಹುಡುಗರೂ ನೋಡುತ್ತಿದ್ದಾಗ. ಇದನ್ನು ಅವನು ಮದುವೆಗೆ ಮುಂಚೆ ಹೆಂಡತಿ ಸ್ಮಿತಾಳಿಗೆ ಒಮ್ಮೆ ಹೇಳಿದ್ದ. ಆಮೇಲೆ ಯಾರಿಗೂ ಹೇಳಲಿಲ್ಲ.

ಮಕ್ಕಳು ಇಂಥದ್ದನ್ನೆಲ್ಲ ಎರಡು ದಿನಕ್ಕೆ ಮರೆತುಬಿಡುತ್ತಾರೆ ಎಂದು ಅವನು ತಿಳಿದಿದ್ದ. ಯಾವ ಮಗು ಮರೆಯುತ್ತದೆ ಹೇಳಿ, ತನ್ನಜ್ಜಿ ರಾಣಿ ಎಂಬುದನ್ನು?

ನಿಧಿಗೆ ಹದಿಮೂರಾದಾಗ ನಾಟಕದ ಹುಚ್ಚು ಹತ್ತಿತು. ಹದಿನಾಲ್ಕಕ್ಕೆ ಅಟ್ಲಾಂಟಾದ ಒಂದು ಸ್ಟುಡಿಯೊದಲ್ಲಿ ಮಕ್ಕಳ ಟೀವಿ ಸರಣಿಯೊಂದಕ್ಕೆ ಆಡಿಷನ್ ಕೊಟ್ಟಳು. ಕತೆ ಹೀಗೆ: ಜಾರ್ಜಿಯಾದ ಸಣ್ಣ ಊರಿನಲ್ಲಿ ಅತ್ತೆಯ ಹೋಟೆಲಿನ ಟೇಬಲ್ ಒರೆಸಿಕೊಂಡಿರುವ ಹುಡುಗಿ, ನಿಜದಲ್ಲಿ ಕೆರೆಯ ತಳದಲ್ಲಿರುವ ಟಾಲೋರಾ ಎಂಬ ರಾಜ್ಯದ ವಾರಸುದಾರಳು. ಅವಳ ಬೆನ್ನಿನ ಮೇಲಿನ ಮಚ್ಚೆ ನೀರು ತಾಗಿದರೆ ಹೊಳೆಯುತ್ತದೆ. ಈ ಗುಟ್ಟು ಗೊತ್ತಿರುವುದು ಅವಳ ಗೆಳತಿಗೆ ಒಬ್ಬಳಿಗೇ. ಆ ಗೆಳತಿಯ ಪಾತ್ರ ನಿಧಿಗೆ ಸಿಕ್ಕಿತು. ಪಾತ್ರದ ಹೆಸರು ಪ್ರಿಯಾ. ಅಮೆರಿಕದ ಟೀವಿಯವರಿಗೆ ನಮ್ಮ ಹುಡುಗಿಯರ ಹೆಸರು ಒಂದೆರಡೇ ಗೊತ್ತು.

ಆರು ತಿಂಗಳು ಬಸವಕುಮಾರ ಶುಕ್ರವಾರ ಆಫೀಸಿನ ಕೆಲಸ ಬೇಗ ಮುಗಿಸಿ, ಮಗಳನ್ನು ಕೂರಿಸಿಕೊಂಡು ನಾಲ್ಕು ತಾಸು ಐ-85 ಹೆದ್ದಾರಿಯಲ್ಲಿ ಅಟ್ಲಾಂಟಾಕ್ಕೆ ಡ್ರೈವ್ ಮಾಡಿದ. ಗ್ಯಾಫ್ನಿಯ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ದಾಟುವಷ್ಟರಲ್ಲಿ ಅವಳ ಸಂಭಾಷಣೆ ಇವನಿಗೂ ಬಾಯಿಪಾಠವಾಗಿರುತ್ತಿತ್ತು. ಅವನ ಜೀವನದಲ್ಲಿ ಅಷ್ಟು ಸುಖದ ಆರು ತಿಂಗಳು ಬೇರೆ ಇರಲಿಲ್ಲ.

2022ರ ವಸಂತದಲ್ಲಿ ಸ್ಟುಡಿಯೊದ ಪ್ರಚಾರದವಳು ಫೋನ್ ಮಾಡಿದಳು. ಡೆನಿಸ್ ಎಂದು ಅವಳ ಹೆಸರು, ಮಾತು ಬಹಳ ಮೃದು. ಸೆಟ್ಟಿನಲ್ಲಿ ನಿಧಿ ಯಾರ ಹತ್ತಿರವೋ ತನ್ನ ಅಜ್ಜಿ ರಾಣಿಯಾಗಿದ್ದಳೆಂದು ಹೇಳಿದಳಂತೆ. ರಾಜಕುಮಾರಿಯ ಗೆಳತಿಯಾಗಿ ನಟಿಸುವವಳೇ ನಿಜವಾದ ರಾಜವಂಶದವಳು, ಇದಕ್ಕಿಂತ ಚೆಂದದ ಸಂಗತಿ ಯಾವುದಿದೆ, ಒಂದು ಸಣ್ಣ ವಿಡಿಯೊ ಮಾಡೋಣವೇ ಎಂದಳು. ಅಜ್ಜಿ ಈಗ ನಿಮ್ಮ ಮನೆಯಲ್ಲೇ ಇದ್ದಾರಂತಲ್ಲ. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಆ ಕಡೆ ಅದೇ ಹೆಸರಿನ ದೊಡ್ಡ ರಾಣಿಯೊಬ್ಬಳು ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದಳಂತೆ, ಅವರದೇ ಮನೆತನವೇ?

ಕಿತ್ತೂರಿನ ಸುತ್ತಮುತ್ತ ಓಣಿಗೆ ನಾಲ್ಕು ಚನ್ನಮ್ಮಂದಿರು ಸಿಗುತ್ತಾರೆ ಎಂದು ಅವಳಿಗೆ ಹೇಳಬಹುದಿತ್ತು. ಮಗು ಸಣ್ಣದಿದ್ದಾಗ ತಮಾಷೆಗೆ ಹೇಳಿದ್ದು ಎಂದು ನಕ್ಕುಬಿಡಬಹುದಿತ್ತು. ಫೋನ್ ಸ್ಪೀಕರಿನಲ್ಲಿತ್ತು, ಎದುರಿಗೆ ನಿಧಿ ಎರಡೂ ಕೈಯನ್ನು ಗದ್ದದ ಕೆಳಗಿಟ್ಟುಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅದೇ ಕಡೆಯವರು ಎಂದುಬಿಟ್ಟ ಬಸವಕುಮಾರ.

ಸ್ಮಿತಾ ಆ ರಾತ್ರಿ ಅವನೊಡನೆ ಜಗಳವಾಡಲಿಲ್ಲ. ಶಾರ್ಲೆಟ್‌ನ ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಅವಳು. "ಇದು ನಿಮ್ಮ ಬಾಯಿಂದನ ಹೊರಗ ಬರಬೇಕ್ರಿ," ಎಂದಳು. "ನಾ ಹೇಳಿದ್ರ ಅದು ಚಾಡಿ ಆಗ್ತದ. ಅಕಿಗೆ ಬ್ಯಾರೆ ಕಡೆಯಿಂದ ಗೊತ್ತಾದ್ರ ಮಾತ್ರ ನಿಮ್ಮನ್ನ ಮತ್ತ ನಂಬಂಗಿಲ್ಲ, ನೋಡ್ರಿ." ಹೇಳುತ್ತೇನೆ ಎಂದ. ವಿಡಿಯೊ ಆಗಲಿ, ಆಮೇಲೆ ಹೇಳುತ್ತೇನೆ ಎಂದ. ಆಮೇಲೆ ಎನ್ನುವುದು ಅವನಿಗೆ ಬಹಳ ಒಗ್ಗಿದ ಮಾತು.

ಚಿತ್ರೀಕರಣದವರು ಒಂದು ಶನಿವಾರ ಬೆಳಿಗ್ಗೆ ಬಂದರು, ಡೆನಿಸ್ ಮತ್ತು ಇನ್ನಿಬ್ಬರು. ಸ್ಮಿತಾಳಿಗೆ ಡ್ಯೂಟಿ ಇತ್ತು. ನಡುಮನೆಯ ಸೋಫಾ ಸರಿಸಿ, ಎತ್ತರದ ಬೆನ್ನಿನ ಕುರ್ಚಿಯೊಂದನ್ನು ಊಟದ ಕೋಣೆಯಿಂದ ತಂದು ಅದರ ಮೇಲೆ ಕೆಂಪು ಶಾಲು ಹೊದಿಸಿದರು. ಚನ್ನಮ್ಮನಿಗೆ ಎಪ್ಪತ್ತೊಂದು. ಆರು ತಿಂಗಳ ವೀಸಾದ ಮೇಲೆ ಬಂದಿದ್ದಳು. ಬಂದ ವಾರದಲ್ಲೇ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದು, ಸ್ಮೋಕ್ ಅಲಾರಂ ಎರಡು ಸಲ ಬಾರಿಸಿದ್ದಳು. ಟೀವಿಯವರು ನಿನ್ನ ಹಳೇ ದಿನಗಳ ಬಗ್ಗೆ ಕೇಳುತ್ತಾರಂತೆ ಎಂದಷ್ಟೇ ಮಗ ಹೇಳಿದ್ದ. ಅವಳು ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಪಕ್ಕದ ಸ್ಟೂಲಿನ ಮೇಲೆ ನಿಧಿ. ಇಬ್ಬರ ಎದೆಯ ಮೇಲೂ ಗುಂಡಿಯಷ್ಟು ಸಣ್ಣ ಮೈಕು ಸಿಕ್ಕಿಸಿದರು. ಪ್ರಶ್ನೆ ಡೆನಿಸ್‌ಳದು, ಅನುವಾದ ಬಸವಕುಮಾರನದು.

ಅರಮನೆಯಲ್ಲಿ ಬೆಳಗಾಗುವುದು ಹೇಗಿರುತ್ತಿತ್ತು ಎಂದು ಮೊದಲ ಪ್ರಶ್ನೆ. ಬಸವಕುಮಾರ ಅದನ್ನು ವಾಡೆಯಲ್ಲಿ ಬೆಳಗಿನ ಹೊತ್ತು ಹೆಂಗಿರ್ತಿತ್ತವಾ ಎಂದು ತಿರುಗಿಸಿದ. ಚನ್ನಮ್ಮನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಮಗ ಕೂಡ. ನಾಲ್ಕಕ್ಕೆ ಏಳುತ್ತಿದ್ದೆ ಎಂದು ಶುರು ಮಾಡಿದಳು. ಮೂರು ಹಂಡೆ ನೀರು ಕಾಯಬೇಕಿತ್ತು, ಮಳೆಗಾಲದಲ್ಲಿ ಸಗಣಿಯ ಕುಳ್ಳು ಹಸಿಯಿದ್ದರೆ ಹೊಗೆಗೆ ಕಣ್ಣು ಉರಿಯುತ್ತಿದ್ದವು, ಆದರೂ ದೊಡ್ಡ ದೇಸಾಯರು ಎದ್ದು ಬರುವಷ್ಟರಲ್ಲಿ ಒಂದು ದಿನವೂ ನೀರು ತಣ್ಣಗಿದ್ದದ್ದಿಲ್ಲ. ಕೈಯಾಡಿಸಿ ನೀರಿನ ಹದ ಹೇಳುತ್ತಿದ್ದೆ. ಹೀಗೆ ಎರಡು ನಿಮಿಷ ಹೇಳಿದಳು.

ವಾಡೆಯಲ್ಲಿ ನಾಲ್ಕಕ್ಕೇ ಎಲ್ಲರಿಗೂ ಸ್ನಾನಕ್ಕೆ ಬಿಸಿನೀರು ಸಿದ್ಧವಿರುತ್ತಿತ್ತಂತೆ ಎಂದ ಬಸವಕುಮಾರ ಇಂಗ್ಲಿಷಿನಲ್ಲಿ.

ಉಡುಗೆ ಎಂಥದು ಎಂದು ಕೇಳಿದರು. ದೇಸಾಯರ ಮನೆಯ ದೊಡ್ಡ ಅವ್ವಾರು ಉಟ್ಟು ಬಿಟ್ಟ ಸೀರೆಗಳನ್ನು ಕೊಡುತ್ತಿದ್ದರು, ಸೆರಗು ಹರಿದಿದ್ದರೂ ಒಡಲು ಗಟ್ಟಿ ಇರುತ್ತಿತ್ತು, ಹೊಲಿದು ಉಟ್ಟರೆ ಮೂರು ವರ್ಷ ಬರುತ್ತಿತ್ತು ಎಂದಳು. ಕೈಮಗ್ಗದ ಇಳಕಲ್ಲ ರೇಷ್ಮೆ ಸೀರೆ ಎಂದ ಮಗ. ಸಿಂಹಾಸನ ಇತ್ತೇ ಎಂದು ಕೇಳಿದರು. ಅವಳು ನಕ್ಕು, ಕುರ್ಚಿಯ ಮೇಲೆ ಕೂತವಳಲ್ಲ ನಾನು, ಇವತ್ತೇ ನೀವು ಕೂರಿಸಿದ್ದು ಎಂದಳು. ಅವರದು ಸರಳ ಮನೆತನ ಎಂದ ಮಗ. ಕಡೆಗೆ ಅವಳು ಯಾರೂ ಕೇಳದೆಯೇ ರೊಟ್ಟಿಯ ಮಾತು ತೆಗೆದಳು. ನಲವತ್ತು ಜನಕ್ಕೆ ಬಡಿಯುತ್ತಿದ್ದೆ, ಸಂಕನಾಳದಲ್ಲಿ ನನ್ನ ರೊಟ್ಟಿಯಷ್ಟು ತೆಳುವು ಯಾರಿಗೂ ಬರುತ್ತಿರಲಿಲ್ಲ, ಒಮ್ಮೆ ಕಲೆಕ್ಟರ್ ಸಾಹೇಬರು ಇದನ್ನು ಬಡಿದವರು ಯಾರು ಎಂದು ಕೇಳಿ ಕಳಿಸಿದ್ದರು ಎಂದು ಎರಡೂ ಅಂಗೈ ಅಗಲಿಸಿ ತೋರಿಸಿದಳು. ಅಂಗೈ ಕ್ಯಾಮೆರಾದ ಕಡೆಗೆ ತಿರುಗಿದ್ದವು.

ಬಸವಕುಮಾರನಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ಅತಿಥಿಗಳು ಬಹಳ ಬರುತ್ತಿದ್ದರಂತೆ, ಕಲೆಕ್ಟರ್ ಕೂಡ ಎಂದ. ತಾನು ಮಾಡುತ್ತಿರುವುದು ಎಂಥ ಕೆಲಸ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಸುಮ್ಮನೆ ಅಜ್ಜಿಯ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವಳಿಗೆ ಅಜ್ಜಿಯ ಮಾತು ಅರ್ಥವಾಗುವುದು ನಾಲ್ಕಾಣೆಯಷ್ಟು, ಊಟ ಬೇಕು ನೀರು ಬೇಕು ಅಷ್ಟೇ ಎಂದು ಅವನು ಧೈರ್ಯ ತಂದುಕೊಂಡಿದ್ದ. ಅಷ್ಟರಲ್ಲಿ ಪಕ್ಕದ ಮನೆಯವನು ಬಂದು, ಟೀವಿಯವರ ವ್ಯಾನ್ ತನ್ನ ಡ್ರೈವ್‌ವೇಗೆ ಅಡ್ಡ ನಿಂತಿದೆ ಎಂದ. ಬಸವಕುಮಾರ ತನ್ನ ಕಾರು ತೆಗೆದು ವ್ಯಾನಿಗೆ ಜಾಗ ಮಾಡಿಕೊಡಲು ಹೊರಗೆ ಹೋದ. ಮರಳಿ ಬಂದಾಗ ದೀಪಗಳನ್ನು ಮಡಚಿಡುತ್ತಿದ್ದರು. ನಿಮ್ಮ ತಾಯಿ ಅದ್ಭುತ ಎಂದು ಡೆನಿಸ್ ಅವನ ಕೈ ಕುಲುಕಿದಳು.

ಹತ್ತು ದಿನ ಕಳೆಯಿತು. ಮಂಗಳವಾರ ಮಧ್ಯಾಹ್ನ ಬಸವಕುಮಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಮೇರಿಲ್ಯಾಂಡಿನ ನಂಬರಿನಿಂದ ಒಂದು ಫೋನ್ ಬಂತು. ಹೆಂಗಸಿನ ದನಿ, ಮೈಸೂರು ಕಡೆಯ ಕನ್ನಡ. ತನ್ನ ಹೆಸರು ಮೈಥಿಲಿ, ಗೈದರ್ಸ್‌ಬರ್ಗ್‌ನಲ್ಲಿ ಇದ್ದೇನೆ, ಮನೆಯಿಂದ ಸಬ್‌ಟೈಟಲ್ ಕೆಲಸ ಮಾಡುತ್ತೇನೆ ಎಂದು ಪರಿಚಯ ಹೇಳಿಕೊಂಡಳು. ಇವನ ನಂಬರು ಅವಳಿಗೆ ಮೂರು ಕನ್ನಡ ಸಂಘಗಳ ವಾಟ್ಸಾಪ್ ಗುಂಪು ದಾಟಿ ಸಿಕ್ಕಿತ್ತು. ಯಾವ ವಿಡಿಯೊ ಬಗ್ಗೆ ಎಂದು ಹೇಳುವಷ್ಟರಲ್ಲಿ ಇವನು ಎದ್ದು ಕೋಣೆಯ ಬಾಗಿಲು ಹಾಕಿಕೊಂಡ.

ಕೆಲಸದ ರೀತಿಯೇ ಹಾಗಂತೆ. ಮನೆಯವರು ಪಕ್ಕದಲ್ಲಿ ಕೂತು ಏನೇ ತಿರುಗಿಸಿ ಹೇಳಿರಲಿ, ಅದನ್ನು ಚಿತ್ರದಲ್ಲಿ ಇಟ್ಟುಕೊಳ್ಳುವುದಿಲ್ಲ. ಮಾತಾಡಿದವರ ದನಿಯನ್ನು ಹಾಗೇ ಬಿಟ್ಟು, ಹೊರಗಿನವರಿಂದ ಹೊಸದಾಗಿ ಅನುವಾದ ಮಾಡಿಸಿ ಕೆಳಗೆ ಅಕ್ಷರದಲ್ಲಿ ಹಾಕುತ್ತಾರೆ. ಹದಿನೆಂಟು ವರ್ಷದಿಂದ ಇಂಜಿನಿಯರಾಗಿ ಎಲ್ಲವನ್ನೂ ಎರಡೆರಡು ಸಲ ಪರೀಕ್ಷೆ ಮಾಡಿಸುವ ಬಸವಕುಮಾರನಿಗೆ ಇದೊಂದು ಹೊಳೆದಿರಲಿಲ್ಲ. ಇಡೀ ಅಮೆರಿಕದಲ್ಲಿ ಕನ್ನಡ ಗೊತ್ತಿರುವವನು ತಾನೊಬ್ಬನೇ ಎಂಬ ಹಾಗೆ ಕೂತು ಹೇಳಿದ್ದ.

ಹೀಗೆ ಫೋನ್ ಮಾಡುವುದು ತಪ್ಪು, ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ ಎಂದಳು ಮೈಥಿಲಿ. ಗುರುವಾರದೊಳಗೆ ಅನುವಾದ ಕೊಡಬೇಕು. ಮನೆಯಲ್ಲಿ ಮಗು ಇದೆ, ಮೊದಲು ಟೀವಿಯಲ್ಲಿ ಓದಿ ತಿಳಿಯುವುದು ಬೇಡ ಅನಿಸಿತು, ಅದಕ್ಕೇ ಮಾಡಿದೆ.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನು ಸಿಟ್ಟಾದರೂ ಆಗಬಹುದಿತ್ತು. ಅದರ ಬದಲು ಇವನು ಏನು ಮಾಡಿದ ಎಂದರೆ, ಕತೆ ಹೇಳುವ ನನಗೇ ಮುಜುಗರವಾಗುತ್ತದೆ, ಆ ಪರಿಚಯವಿಲ್ಲದ ಹೆಂಗಸಿನ ಹತ್ತಿರ ಬೇಡಿಕೊಂಡ. ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬರೆಯಲಾಗುತ್ತದೆಯೇ ಎಂದು ಕೇಳಿದ. ಹಂಡೆಯ ಮಾತು ಇರಲಿ, ಕಾಸಿದವರು ಯಾರು ಎಂಬುದು ಬಿಟ್ಟುಹೋದರೆ ಸಾಕು. ಸೀರೆ ಇರಲಿ, ಯಾರು ಉಟ್ಟು ಬಿಟ್ಟದ್ದು ಎಂಬುದು ಬೇಡ. ರೊಟ್ಟಿಯದನ್ನು ಪೂರಾ ತೆಗೆದುಬಿಡಿ. ತನ್ನ ಅವ್ವನ ಬದುಕನ್ನು ಹೀಗೆ ಒಂದೊಂದೇ ಸಾಲು ಹೊಡೆದುಹಾಕುತ್ತಾ ಹೋದ. ಅವಳು ಅಡ್ಡ ಬರದೆ ಎಲ್ಲ ಕೇಳಿದಳು.

"ಸರ್, ನೀವು ಹೊರಗಡೆ ಹೋದ್ಮೇಲೂ ಮೈಕ್ ಆನ್ ಇತ್ತು," ಎಂದಳು ಕಡೆಗೆ. "ಕ್ಯಾಮೆರಾ ಆಫ್ ಮಾಡಿದಾರೆ, ಆದ್ರೆ ಆಡಿಯೊ ನಾಲ್ಕು ನಿಮಿಷ ರೆಕಾರ್ಡ್ ಆಗಿದೆ. ಅದು ಸಬ್‌ಟೈಟಲ್‌ಗೆ ಬೇಕಾಗಿಲ್ಲ, ಯಾರಿಗೂ ಕೊಡಲ್ಲ. ನೀವೊಂದ್ಸಲ ಕೇಳಿ. ಕೇಳಿದ್ಮೇಲೂ ಹೀಗೇ ಬರೀಬೇಕು ಅಂದ್ರೆ ಹೇಳಿ, ಈ ಕೆಲಸ ವಾಪಸ್ ಕೊಟ್ಬಿಡ್ತೀನಿ, ಬೇರೆಯವರು ಮಾಡಲಿ." ಹಾಗೆಂದು ಫೋನನ್ನು ತನ್ನ ಕಂಪ್ಯೂಟರಿಗೆ ಹತ್ತಿರ ಹಿಡಿದಳು.

ಮೊದಲು ಏನೋ ಸರಿಸುವ ಸದ್ದು, ಡೆನಿಸ್ ದೂರದಲ್ಲಿ ಯಾರಿಗೋ ವಯರು ಸುತ್ತಲು ಹೇಳುವ ಸದ್ದು. ಆಮೇಲೆ ಬಹಳ ಹತ್ತಿರದಿಂದ, ಕಿವಿಯೊಳಗೇ ಹೇಳಿದಂತೆ, ಅವ್ವನ ದನಿ.

"ಅಂವ ಹೊರಗ ಹ್ವಾದ್ನ?"

"ಹೌದು ಅಜ್ಜಿ."

"ನಾ ಇಷ್ಟುದ್ದ ಹೇಳಿದ್ದಕ್ಕ ಅಂವ ಇಷ್ಟ ಹೇಳ್ದ. ಏನೋ ಬ್ಯಾರೇನ ಹೇಳ್ಯಾನ. ನಿನ್ನ ಮಾರಿ ನೋಡಿ ಗೊತ್ತಾತು ನನಗ. ಏನಂದ?"

ನಿಧಿ ಸ್ಟೂಲನ್ನು ಅಜ್ಜಿಯ ಹತ್ತಿರ ಎಳೆದುಕೊಂಡ ಸದ್ದು ಕೇಳಿಸಿತು. "ನೀನು ಕ್ವೀನ್ ಅಂತ," ಎಂದಳು. "ನಿನ್ನದು ಪ್ಯಾಲೆಸ್ ಅಂತ. ಆದ್ರೆ ನೀನು ಹೇಳಿದ್ದು ಬೇರೆ. ನೀನು ಅಲ್ಲಿ ಕೆಲಸ ಮಾಡ್ತಿದ್ದೆ. ಅಲ್ವಾ?"

"ರಾಣಿ ಅಂದ್ನ?" ಚನ್ನಮ್ಮ ಸಣ್ಣಗೆ ನಕ್ಕಳು. ನಗು ಬೇಗ ನಿಂತಿತು. "ಹೌದವಾ, ಕೆಲಸ ಮಾಡ್ತಿದ್ದೆ. ನೋಡ ನಿಧಿ, ನೀ ಇದನ್ನ ನಿಮ್ಮಪ್ಪನ ಮುಂದ ಎತ್ತಬ್ಯಾಡ. ಸಣ್ಣಾಂವಿದ್ದಾಗ ಆ ವಾಡೇದಾಗ ಭಾಳ ಅವಮಾನ ಉಂಡಾನ ಅಂವ. ಮಗಳ ಮುಂದೂ ತಲಿ ಕೆಳಗ ಹಾಕೂದು ಬ್ಯಾಡ."

"ಅಪ್ಪ ಸುಳ್ಳು ಹೇಳಿದ್ರೆ ನಿನಗೆ ಬೇಜಾರ್ ಆಗಲ್ವಾ?"

ದೂರದಲ್ಲಿ ಯಾರೋ ಪೆಟ್ಟಿಗೆಯ ಮುಚ್ಚಳ ಹಾಕಿದರು.

"ಆಗ್ತದವಾ," ಎಂದಳು ಚನ್ನಮ್ಮ. "ಆದ್ರ ಅದು ನನ್ನ ಕಡೀನ ಇರ್ಲಿ. ಅಂವಗ ಗೊತ್ತಾಗೂದು ಬ್ಯಾಡ."

"ಓಕೆ ಅಜ್ಜಿ. ನಾನು ಹೇಳಲ್ಲ. ಪ್ರಾಮಿಸ್."

ಮುಂದೆ ಬಾಗಿಲು ತೆರೆದ ಸದ್ದು, ತನ್ನದೇ ದನಿ, ಸಾರಿ ಸಾರಿ ಎನ್ನುತ್ತಾ ಒಳಗೆ ಬಂದದ್ದು. ಮೈಥಿಲಿ ನಿಲ್ಲಿಸಿದಳು.

ಬಸವಕುಮಾರ ಅಳಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ, ತನಗೆ ಅದೂ ಇಲ್ಲ ಅನಿಸಿತು. ವಾಡೆಯ ಪಡಸಾಲೆಯಲ್ಲಿ ರಟ್ಟೆ ಹಿಡಿದು ಎಬ್ಬಿಸಿದಾಗ ಆದ ನಾಚಿಕೆ ಬೇರೆ, ಅದು ಬೇರೆಯವರು ಇವನಿಗೆ ಮಾಡಿದ್ದು. ಇದು ಇವನೇ ಕೈಯಾರೆ ಮಾಡಿಕೊಂಡದ್ದು, ಅದೂ ಅವ್ವನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಅವಳ ಕಣ್ಣೆದುರೇ. ಅವಳು ಅದನ್ನು ನೋಡುತ್ತ ಕೂತಿದ್ದಳು. ನಾಲ್ಕಾಣೆ ಕನ್ನಡದವಳು ಎಂದು ಇವನು ತಿಳಿದಿದ್ದ, ಅಜ್ಜಿಯ ಜೊತೆ ಇದ್ದು ಪೂರಾ ಕಲಿತಿದ್ದ ಹದಿನಾಲ್ಕು ವರ್ಷದ ಹುಡುಗಿಯೂ ನೋಡುತ್ತ ಕೂತಿದ್ದಳು. ಹತ್ತು ದಿನ ಇಬ್ಬರೂ ಅವನ ಎದುರೇ ಉಂಡಿದ್ದರು, ನಕ್ಕಿದ್ದರು, ಅವನಿಗೆ ಗುಮಾನಿಯೂ ಬಾರದಂತೆ ನೋಡಿಕೊಂಡಿದ್ದರು. ಕಾಲ ಕೆಳಗಿನ ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದ.

ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ಒಂದು ಮಾತೂ ಬಿಡಬೇಡಿ ಎಂದ ಮೈಥಿಲಿಗೆ. ರೊಟ್ಟಿಯ ಮಾತು ಮುಖ್ಯವಾಗಿ ಎಂದ. ಅವಳು ಸರಿ ಸರ್ ಎಂದಳು. ಆಮೇಲೆ ಡೆನಿಸ್‌ಗೆ ನಾಲ್ಕು ಸಾಲಿನ ಮೇಲ್ ಬರೆದ. ನನ್ನ ತಾಯಿ ರಾಣಿಯಲ್ಲ, ಆ ಮನೆಯ ಅಡುಗೆಯವಳಾಗಿದ್ದಳು, ಸುಳ್ಳು ನನ್ನದು, ನನ್ನ ಮಗಳದಲ್ಲ, ದಯವಿಟ್ಟು ಅವಳನ್ನು ದೂರಬೇಡಿ. ಕಳಿಸು ಎಂಬ ಗುಂಡಿ ಒತ್ತಲು ಹದಿನೈದು ನಿಮಿಷ ತೆಗೆದುಕೊಂಡ. ಉತ್ತರ ಏನು ಬರುತ್ತದೋ, ವಿಡಿಯೊ ಉಳಿಯುತ್ತದೋ ಇಲ್ಲವೋ ಅವನಿಗೆ ತಿಳಿಯದು. ಅದಕ್ಕೆಲ್ಲ ಕಾಯುವ ಹೊತ್ತಲ್ಲ ಅದು. ನಾಲ್ಕೂಕಾಲಿಗೆ ಶಾಲೆಯ ಬಸ್ಸು ಬರುತ್ತಿತ್ತು.

ಅವನು ಬಸ್ಸು ನಿಲ್ಲುವಲ್ಲಿಗೇ ಹೋಗಿ ನಿಂತ. ಯಾವತ್ತೂ ಬಾರದ ಅಪ್ಪ ಬಂದದ್ದು ನೋಡಿ ನಿಧಿ ಗಾಬರಿಯಾದಳು. ಏನೂ ಆಗಿಲ್ಲ, ಬಾ ಎಂದು ಬಡಾವಣೆಯ ಕೊಳದ ಪಕ್ಕದ ಬೆಂಚಿಗೆ ಕರೆದುಕೊಂಡು ಹೋದ. ಬಾತುಗಳು ತಿಂಡಿ ಸಿಗುವುದೇನೋ ಎಂದು ಹತ್ತಿರ ಬಂದವು. ಅವಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಳು.

ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಅವನು ಹೊಂದಿಸಿಕೊಂಡಿದ್ದ. ಒಂದೂ ನೆನಪಾಗಲಿಲ್ಲ. "ನಿಧಿ, ಅಜ್ಜಿ ರಾಣಿ ಅಲ್ಲ," ಎಂದುಬಿಟ್ಟ. "ಆ ಮನಿಯಾಗ ಅಡಿಗಿ ಮಾಡ್ತಿದ್ದಳು. ಭಾಂಡಿ ತಿಕ್ಕತಿದ್ದಳು. ನನಗ ನಾಚಿಕಿ ಬರ್ತಿತ್ತು, ಅದಕ್ಕ ನಿನಗ ಸುಳ್ಳು ಹೇಳಿದೆ. ಅವತ್ತ ವಿಡಿಯೊದಾಗೂ ಅಕಿ ಹೇಳಿದ್ದನ್ನ ನಾ ತಿರುವಿ ಹೇಳಿದೆ."

ನಿಧಿ ತಟ್ಟನೆ ಅವನ ಕಡೆ ತಿರುಗಿದಳು. ಹುಬ್ಬು ಮೇಲೇರಿದವು, ಬಾಯಿ ತುಸು ತೆರೆಯಿತು, ಬ್ಯಾಗು ಹಿಡಿದ ಕೈ ಸಡಿಲಾಯಿತು. "ವಾಟ್? ರಿಯಲಿ?" ಎಂದಳು. "ಅಜ್ಜಿ ಕ್ವೀನ್ ಅಲ್ವಾ? ನನಗೆ ಗೊತ್ತೇ ಇರಲಿಲ್ಲ ಅಪ್ಪಾ." ದನಿಯಲ್ಲಿ ಎಷ್ಟು ಬೇಕೋ ಅಷ್ಟೇ ಆಶ್ಚರ್ಯ, ಅದರ ಹಿಂದೆಯೇ ಸ್ವಲ್ಪ ದುಃಖ, ಆಮೇಲೆ ಕ್ಷಮಿಸುವವಳ ಹಾಗೆ ಭುಜ ಕುಣಿಸಿ, ಇಟ್ಸ್ ಓಕೆ ಎಂದಳು. ಆರು ತಿಂಗಳು ಕ್ಯಾಮೆರಾದ ಹಿಂದೆ ನಿಂತು ಅವನು ಮಗಳ ನಟನೆ ನೋಡಿದ್ದ. ಇಷ್ಟು ಚೆನ್ನಾಗಿ ಅವಳು ಅಲ್ಲಿ ಒಂದು ದಿನವೂ ಮಾಡಿರಲಿಲ್ಲ.

ನನಗೆ ಗೊತ್ತು, ನಿನಗೆ ಗೊತ್ತಿತ್ತು ಎಂದು ಹೇಳಲು ಬಾಯಿ ತೆರೆದ. ಹೇಳಿದರೆ ಅಜ್ಜಿಗೆ ಕೊಟ್ಟ ಮಾತು ಮುರಿಸಿದಂತೆ. ಅವಳ ಕಣ್ಣು ಅವನ ಮುಖದಲ್ಲಿ ಹುಡುಕುತ್ತಿದ್ದವು, ತನ್ನ ನಟನೆಯನ್ನು ಅಪ್ಪ ನಂಬಿದನೋ ಇಲ್ಲವೋ ಎಂದು. ನಂಬಿದವನ ಹಾಗೆ ಬಸವಕುಮಾರ ತಲೆಯಾಡಿಸಿದ. ಸಾರಿ ಮಗಳೇ ಎಂದ. ಅವಳು ಎದ್ದು ಬ್ಯಾಗು ಹೆಗಲಿಗೇರಿಸಿ, ಹಸಿವಾಗಿದೆ ಹೋಗೋಣ ಎಂದಳು.

ಮನೆಯಲ್ಲಿ ಚನ್ನಮ್ಮ ಹಿಂದಿನ ಡೆಕ್ಕಿನ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಿಧಿ ಅಜ್ಜಿಯ ಕೆನ್ನೆಗೊಂದು ಮುತ್ತಿಟ್ಟು ಒಳಗೆ ಹೋದಳು. ಬಸವಕುಮಾರ ಅವ್ವನ ಕಾಲ ಹತ್ತಿರ, ಹಲಗೆಯ ಮೇಲೆ ಕೂತ. ಅವಳು ಸೊಪ್ಪಿನ ತಟ್ಟೆಯನ್ನು ಸ್ವಲ್ಪ ಅವನ ಕಡೆ ಸರಿಸಿದಳು, ಸಣ್ಣವನಿದ್ದಾಗ ಸರಿಸುತ್ತಿದ್ದ ಹಾಗೆ. ಅವನು ಎರಡು ಕಡ್ಡಿ ಬಿಡಿಸಿದ. ಮೂರನೆಯದನ್ನು ಬಿಡಿಸಲಾಗಲಿಲ್ಲ.

"ಅವ್ವಾ, ಅವತ್ತ ಟೀವಿಯವರ ಮುಂದ ನೀ ಹೇಳಿದ್ದನ್ನ ನಾ ಸರಿಯಾಗಿ ಹೇಳಲಿಲ್ಲ," ಎಂದ. "ನಿನ್ನ ಕೆಲಸ ಮುಚ್ಚಿಟ್ಟು, ನಿನ್ನ ರಾಣಿ ಮಾಡಿಬಿಟ್ಟೆ. ತಪ್ಪಾತವಾ."

ಚನ್ನಮ್ಮ ತಲೆ ಎತ್ತಲಿಲ್ಲ. ಒಂದು ಹಳದಿಯಾದ ಎಲೆಯನ್ನು ಆರಿಸಿ ಪಕ್ಕಕ್ಕೆ ಹಾಕಿದಳು. ದಂಟುಗಳನ್ನು ಒಟ್ಟು ಮಾಡಿದಳು. ಬೆರಳ ಸಂದಿಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ನನಗೇನ್ ಇಂಗ್ಲಿಷ್ ತಿಳೀತದೇನೋ ತಮ್ಮಾ," ಎಂದಳು. "ನೀ ಸರೀನ ಹೇಳಿರ್ತಿ."

ಇಲ್ಲವ್ವಾ, ಸುಳ್ಳು ಹೇಳಿದೆ ಎಂದ ಅವನು ಮತ್ತೆ. ಇರಲಿ ಬಿಡು, ಅಂಥಾದ್ದೇನು ಹೇಳಿರುತ್ತೀ ನೀನು, ನನಗೆ ಯಾವ ಸಂಶಯವೂ ಬರಲಿಲ್ಲ ಎಂದಳು. ಮೂರನೇ ಸಲ ಅವನು ಮಾತೆತ್ತಿದಾಗ, ಒಗ್ಗರಣೆಗೆ ಬೆಳ್ಳುಳ್ಳಿ ಇದೆಯೋ ನೋಡು ಎಂದು ತಟ್ಟೆ ಎತ್ತಿಕೊಂಡು ಒಳಗೆ ನಡೆದಳು. ಅಡುಗೆಮನೆಯಲ್ಲಿ ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಒಬ್ಬಳು ಈಳಿಗೆಯ ಬದಲು ಚಾಕು ಹುಡುಕಿದಳು, ಇನ್ನೊಬ್ಬಳು ಫ್ರಿಜ್ಜಿನಿಂದ ಹಾಲು ತೆಗೆದಳು. ಕ್ಷಮೆ ಕೇಳುವುದಕ್ಕೂ ಇಬ್ಬರೂ ಅವನಿಗೆ ಆಸ್ಪದ ಕೊಡಲಿಲ್ಲ. ಬಸವಕುಮಾರ ಡೆಕ್ಕಿನಿಂದ ಎದ್ದು, ಒಳಗೆ ಹೋಗಿ, ಬೆಳ್ಳುಳ್ಳಿ ಸುಲಿಯಲು ಕೂತ.